ಊರೊಟ್ಟಿನ ಹೊಣೆ: ಬೆಂಗಳೂರಿನ ಪಶ್ಚಿಮ ಗ್ರಾಮಗಳ ಕೆರೆಗಳೂ ಗ್ರಾಮಾಭಿವೃದ್ಧಿಯ ಇತಿಹಾಸವೂ

೧

ಗ್ರಾಮಾಭಿವೃದ್ಧಿಯಲ್ಲಿ ಜನರು ಪಾಲುಗೊಳ್ಳಬೇಕೆಂಬ ಮಾತನ್ನು ಸರ್ಕಾರದ ವರದಿಗಳಲ್ಲಿಯೂ ಸಭೆಗಳ ನಿರ್ಣಯಗಳಲ್ಲಿಯೂ ನಾವು ಪದೇ ಪದೇ ಕಾಣುತ್ತೇವೆ. ೧೯೫೨ರ ಅಕ್ಟೋಬರ್ ೨ರಂದು ಸಮುದಾಯಾಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದಂದಿನಿಂದ ಈ ಮಾತಿಗೆ ವಿಶೇಷವಾದ ಚಲಾವಣೆ ದೊರಕಿತು. ಆದರೆ ಜನರು ಯಾವುದರಲ್ಲಿ ಪಾಲುಗೊಳ್ಳಬೇಕು, ದುಡಿಮೆಯಲ್ಲಿಯೋ ತೀರ್ಮಾನದಲ್ಲಿಯೋ ಫಲದಲ್ಲಿಯೋ ಎಂಬುದನ್ನು ಬಿಡಿಸಿ ಹೇಳುವವರು ವಿರಳ. ಈ ಮೂರನ್ನೂ ಒಂದೇ ಪದದಲ್ಲಿ ಅಡಗಿಸಿ ಮಾತನಾಡುವುದರಿಂದ ಉಂಟಾಗುವ ಗೊಂದಲವನ್ನು ಇತಿಹಾಸದ ನೆರವಿನಿಂದ ಸ್ವಲ್ಪಮಟ್ಟಿಗಾದರೂ ತಿಳಿಗೊಳಿಸುವುದು ಈ ಪ್ರಬಂಧದ ಉದ್ದೇಶ.

ಭಾರತದ ಹಳ್ಳಿಯನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಚಿತ್ರಗಳು ನಮ್ಮ ಮುಂದಿವೆ. ೧೮೩೦ರಲ್ಲಿ ಚಾರ್ಲ್ಸ್ ಮೆಟ್‌ಕಾಫನು ಹಳ್ಳಿಗಳನ್ನು ತಮಗೆ ಬೇಕಾದುದೆಲ್ಲವನ್ನೂ ತಾವೇ ಪಡೆದಿರುವ ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದನು. ೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾಕ್ಟರ್ ಬಿ. ಆರ್. ಅಂಬೇಡ್ಕರರು ಈ ಚಿತ್ರವನ್ನು ನಿಷ್ಠುರವಾಗಿ ನಿರಾಕರಿಸಿ, ಹಳ್ಳಿಯು ಸಂಕುಚಿತ ದೃಷ್ಟಿಗೂ ಅಜ್ಞಾನಕ್ಕೂ ಕೋಮುಭಾವನೆಗೂ ಆಶ್ರಯಸ್ಥಾನವೆಂದು ಸಾರಿದರು. ಹಳೆಯ ಮೈಸೂರಿನ ಹಳ್ಳಿಗಳ ವಿಷಯದಲ್ಲಿ ಈ ಎರಡರಲ್ಲಿ ಯಾವುದು ಸತ್ಯ? ಇದನ್ನು ಪರೀಕ್ಷಿಸಲು ಊರಿನವರೆಲ್ಲರೂ ಅವಲಂಬಿಸಿದ್ದ, ಒಬ್ಬನೇ ಕಾಪಾಡಲು ಸಾಧ್ಯವಿಲ್ಲದ ಒಂದು ವಸ್ತುವನ್ನು ಆರಿಸಿಕೊಳ್ಳುವುದು ಯುಕ್ತ. ಕೆರೆಯೇ ಅಂತಹ ವಸ್ತು.

ನಮ್ಮ ವಿವೇಚನೆಗೆ ಬೆಂಗಳೂರಿನ ಪಶ್ಚಿಮ ಭಾಗವನ್ನು, ಎಂದರೆ ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಮತ್ತು ಅವುಗಳ ಆಚೀಚೆ ಹಬ್ಬಿರುವ ಪ್ರದೇಶವನ್ನು ಮುಂದಿಟ್ಟುಕೊಳ್ಳುತ್ತೇವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳೆಂಬ ಹೆಸರುಗಳು ತೀರ ಈಚಿನವು. ಅವುಗಳ ಅಡಿಯಲ್ಲಿ ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ ಮುಂತಾದ ಊರುಗಳಿವೆ. ನೈರುತ್ಯಕ್ಕೆ ಹೋದರೆ ಮಲ್ಲತ್ತಹಳ್ಳಿ, ಉಲ್ಲಾಳು, ಕೆಂಗೇರಿಗಳು. ಈ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಬಸವನಗುಡಿಯ ಕಡೆ ಹುಟ್ಟಿ ಕೆಂಗೇರಿಯ ಮಾರ್ಗವಾಗಿ ಅರ್ಕಾವತಿಯನ್ನು ಸೇರುವ ವೃಷಭಾವತಿಯು ಮೂಲದಲ್ಲಿ ಮಳೆಯ ನೀರಿನ ಸಣ್ಣ ತೊರೆ. ಆದಕಾರಣ ಇಳಿಜಾರಿನ ನೆಲದಲ್ಲಿ ಏರಿ ಕಟ್ಟಿ ಮಳೆಯ ನೀರನ್ನು ತಡೆದು ನಿಲ್ಲಿಸುವುದಲ್ಲದೆ ಬತ್ತಕ್ಕಾಗಲಿ ತೋಟಕ್ಕಾಗಲಿ ದನಕರುಗಳಿಗಾಗಲಿ ಬೇರೆ ಗತಿಯಿರಲಿಲ್ಲ. ಬೆಂಗಳೂರನ್ನು ೧೫೩೭ರಲ್ಲಿ ಕಟ್ಟಿದನೆಂದು ಪ್ರಸಿದ್ಧನಾದ ಕೆಂಪೇಗೌಡನು ಪೇಟೆಯ ಜೊತೆಗೆ ಕೆರೆಗಳನ್ನೂ ಕಟ್ಟಿಸಿದ್ದು ಔದಾರ್ಯದಿಂದ ಮಾತ್ರವಲ್ಲ, ಅನಿವಾರ್ಯತೆಯಿಂದಲೂ ಹೌದು.

೨

ಕೆರೆ ಕಟ್ಟಿದವನಿಗೆ ಪುಣ್ಯವೊಂದೇ ಪ್ರತಿಫಲವೆಂದು ಭಾವಿಸುವುದು ಸರಿಯಲ್ಲ. ಬೆಂಗಳೂರಿನ ಆಗ್ನೇಯಕ್ಕಿರುವ ಅಗರದಲ್ಲಿ ದೊರೆತ ಗಂಗರ ಕಾಲದ ಶಾಸನವೊಂದು ಈ ವಿಷಯದಲ್ಲಿ ಬೋಧಪ್ರದವಾಗಿದೆ. ಇರುಗಮಯ್ಯನ ಮಗನಾದ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬುಗಳನ್ನಿರಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿ, ಆ ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಅದು ತಿಳಿಸುತ್ತದೆ. ಬಿತ್ತುವಟ್ಟವೆಂದರೆ ಕೆರೆಯ ಕೆಳಗಣ ಭೂಮಿಯಲ್ಲಿ ಅಥವಾ ಬೆಳೆಯಲ್ಲಿ ಕೆರೆಯ ನಿರ್ಮಾಣಕ್ಕೂ ರಕ್ಷಣೆಗೂ ಮೀಸಲಾದ ಅಂಶ. ಮುಂದಿನ ಶತಮಾನಗಳ ಶಾಸನಗಳಲ್ಲಿ ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಕೆರೆಯನ್ನು ಕಟ್ಟಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಕೊಟ್ಟ ಭೂಮಿಯ ಪ್ರಸ್ತಾಪ ಮೇಲಿಂದ ಮೇಲೆ ಬರುತ್ತದೆ. ಹೂಳನ್ನು ಸಾಗಿಸುವ ಬಂಡಿಗಳಿಗೆಂದು ದತ್ತಿಗಳನ್ನು ಬಿಟ್ಟ ನಿದರ್ಶನಗಳೂ ಉಂಟು. ೧೩೬೯ರಲ್ಲಿ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಆಂಧ್ರಪ್ರದೇಶದ ಪೋರುಮಾಮಿಳ್ಳದಲ್ಲಿ ಕೆರೆಯೊಂದನ್ನು ಕಟ್ಟಿಸಿ ಹಾಕಿಸಿದ ಶಾಸನವು ಉತ್ತಮವಾದ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಕೆರೆಯ ರಕ್ಷಣೆಗೆ ಶಾಶ್ವತವಾದ ಆದಾಯವಿರಬೇಕೆಂಬ ತಿಳಿವಳಿಕೆ ಆ ಕಾಲದ ಆಡಳಿತಗಾರರಲ್ಲಿ ದೃಢವಾಗಿದ್ದಿತು.

ಕಟ್ಟಿದ ಮೇಲಣ ನಿತ್ಯದ ಕಾರ್ಯಗಳು ಊರಿನವರ ಮೇಲೆ ಬೀಳುತ್ತಿದ್ದುವು. ತೂಬನ್ನು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸಿ, ಮಳೆಗಾಲದ ರಾತ್ರಿಗಳಲ್ಲಿ ಏರಿಯನ್ನು ಕಾಯುವ ಕೆಲಸ ನೀರಗಂಟಿಯದು. ಊರಿನ ಆಯಗಾರರಲ್ಲಿ ಅವನೂ ಒಬ್ಬನು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಪ್ರತಿಯೊಬ್ಬ ರೈತನೂ ಅಳೆದುಕೊಡುತ್ತಿದ್ದ ಧಾನ್ಯವೂ, ಕೆಲವೆಡೆ ಚಾಕರಿಯ ಇನಾಮು ಭೂಮಿಯೂ ಅವನ ಜೀವನಾಧಾರ. ಕಾಲುವೆಗಳ ಕಳೆ ಕೀಳುವುದು, ಏರಿಯ ಮೇಲೆ ಬೆಳೆದ ಗಿಡಗಂಟಿಗಳನ್ನು ಕಡಿಯುವುದು, ಮಳೆಯಿಂದ ಕೊರೆದ ಕೊರಕಲುಗಳಿಗೆ ಮಣ್ಣು ತುಂಬುವುದು, ಇವು ರೈತರು ಸೇರಿ ಮಾಡುತ್ತಿದ್ದ ಊರೊಟ್ಟಿನ ಕೆಲಸಗಳು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಗೋಡನ್ನು ತೆಗೆದು ಬಂಡಿಗಳಲ್ಲಿ ಹೊಲಗಳಿಗೆ ಹೊಡೆಯುತ್ತಿದ್ದರು. ಹೊಲಕ್ಕೆ ಅದು ಗೊಬ್ಬರ, ಕೆರೆಗೆ ಹೂಳಿನಿಂದ ಬಿಡುಗಡೆ. ಕೆರೆಯ ರಕ್ಷಣೆಯೂ ರೈತನ ಸ್ವಂತ ಲಾಭವೂ ಇಲ್ಲಿ ಒಂದೇ ಕಾರ್ಯದಲ್ಲಿ ಕೂಡಿದ್ದುವೆಂಬುದನ್ನು ನಾವು ಗಮನಿಸಬೇಕು. ಯಾರ ಉಪದೇಶವೂ ಇಲ್ಲದೆ ಈ ಕೆಲಸ ತಲೆಮಾರುಗಳ ಕಾಲ ನಡೆದುದಕ್ಕೆ ಇದೇ ಮುಖ್ಯ ಕಾರಣ.

ಕೆರೆಗಳು ಒಂದಕ್ಕೊಂದು ಹೆಣೆದ ಸರಣಿಗಳಾಗಿದ್ದುವೆಂಬುದೂ ಇಷ್ಟೇ ಮುಖ್ಯ. ಮೇಲಣ ಕೆರೆಯ ಕೋಡಿ ಬಿದ್ದ ನೀರು ಕೆಳಗಣ ಊರಿನ ಕೆರೆಗೆ ಹೋಗುತ್ತಿದ್ದಿತು. ಮೇಲಣ ಊರಿನವರು ಕೋಡಿಯನ್ನು ಎತ್ತರಿಸಿದರೆ ಕೆಳಗಿನವರಿಗೆ ನೀರಿಲ್ಲ. ಏರಿಯನ್ನು ಅಲಕ್ಷಿಸಿದರೆ ಕೆಳಗಿನ ಏರಿಯೂ ಕೊಚ್ಚಿಹೋಗುವ ಅಪಾಯ. ಆದುದರಿಂದ ಹಳ್ಳಿಯು ತನ್ನಷ್ಟಕ್ಕೆ ತಾನು ಪೂರ್ಣವಾದ ಗಣರಾಜ್ಯವೆಂಬ ಮೆಟ್‌ಕಾಫನ ಚಿತ್ರ ನಮ್ಮ ಸೀಮೆಗೆ ಹೊಂದುವುದಿಲ್ಲ. ನೆರೆಯೂರಿನ ಒಪ್ಪಿಗೆಯಿಲ್ಲದೆ ಇಲ್ಲಿ ಯಾವ ಊರೂ ಬದುಕಲಾರದಾಗಿದ್ದಿತು.

೩

ಇಷ್ಟನ್ನು ಹೇಳಿ ಮುಗಿಸಿದರೆ ಹಳೆಯ ವ್ಯವಸ್ಥೆಯನ್ನು ಹಾಡಿ ಹೊಗಳಿದಂತಾಗುವುದೇ ಹೊರತು ಇತಿಹಾಸವನ್ನು ಬರೆದಂತಾಗುವುದಿಲ್ಲ. ಊರೊಟ್ಟಿನ ಕೆಲಸದಲ್ಲಿ ಹೊಣೆ ಹಂಚಿಕೆಯಾಗಿದ್ದುದು ನಿಜ. ಸಮನಾಗಿ ಹಂಚಿಕೆಯಾಗಿರಲಿಲ್ಲವೆಂಬುದೂ ಅಷ್ಟೇ ನಿಜ. ನೀರಗಂಟಿಯ ಕೆಲಸ ಹುಟ್ಟಿನಿಂದ ಬಂದದ್ದು. ಬಹುಪಾಲು ಊರುಗಳಲ್ಲಿ ಅದು ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಪಾಲಿಗೆ ಬಂದಿದ್ದಿತು. ಯಾವ ಗದ್ದೆಗೆ ಎಷ್ಟು ನೀರು ಬೇಕೆಂಬುದನ್ನು ಊರಿನಲ್ಲಿ ಎಲ್ಲರಿಗಿಂತಲೂ ಚೆನ್ನಾಗಿ ಬಲ್ಲವನು ಅವನೇ. ಆದರೂ ಊರ ನ್ಯಾಯದಲ್ಲಿ ಅವನು ಪಟೇಲ ಶಾನುಭೋಗರೊಡನೆ ಸಮಾನವಾಗಿ ಕುಳಿತು ಮಾತನಾಡುವಂತಿರಲಿಲ್ಲ. ಗದ್ದೆಯಿಲ್ಲದ ಕೂಲಿಗಾರನು ಏರಿಗೆ ಮಣ್ಣು ಹೊರುವಾಗ ಅವನ ಪಾಲಿನ ದುಡಿಮೆ ಬಿಟ್ಟಿಯಾಗಿ ಪರಿಣಮಿಸುತ್ತಿದ್ದಿತು. ‘ಕೆರೆಗೆ ಹಾರ’ವೆಂಬ ಪ್ರಸಿದ್ಧ ಜನಪದ ಕಥನಗೀತದಲ್ಲಿ ನೀರು ಬಾರದ ಕೆರೆಗಾಗಿ ಬಲಿಯಾಗುವವಳು ಮನೆಯ ಕಿರಿಯ ಸೊಸೆಯಾದ ಭಾಗೀರಥಿ. ಊರಿನ ಹಿತಕ್ಕೆ ಯಾರು ಬೆಲೆ ತೆರಬೇಕೆಂಬುದನ್ನು ನಿರ್ಣಯಿಸುವಲ್ಲಿ ಬೆಲೆ ತೆರುವವರ ಮಾತು ನಡೆಯುತ್ತಿರಲಿಲ್ಲವೆಂಬ ನೆನಪನ್ನು ಜನಪದವೇ ಉಳಿಸಿಕೊಂಡು ಬಂದಿದೆ. ಅಂಬೇಡ್ಕರರ ಆಕ್ಷೇಪಣೆಗೆ ಈ ದೃಷ್ಟಿಯಿಂದ ಗಟ್ಟಿಯಾದ ಆಧಾರವಿದೆ.

೪

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆ ಬೇರೊಂದು ದಿಕ್ಕಿನಿಂದ ಸಡಿಲಿತು. ೧೮೩೧ರಿಂದ ೧೮೮೧ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. ೧೮೫೬ರಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪಿತವಾಯಿತು. ೧೮೬೦ರ ದಶಕದಲ್ಲಿ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯು, ಹೊಸದಾಗಿ ಕೆರೆ ಕಟ್ಟಲು ಜಾಗವನ್ನು ಹುಡುಕುವುದೇ ಜಾಣ್ಮೆಯ ಕೆಲಸವೆನ್ನುವಷ್ಟು ಕೆರೆಗಳು ಸಂಸ್ಥಾನದಲ್ಲಿ ಹಬ್ಬಿವೆಯೆಂದು ಬೆರಗಿನಿಂದ ಬರೆದನು. ಚಿಕ್ಕವು ದೊಡ್ಡವು ಸೇರಿ ಅವುಗಳ ಸಂಖ್ಯೆ ೩೫,೦೦೦ಕ್ಕೂ ಮಿಕ್ಕಿದ್ದಿತು. ಇಷ್ಟು ಕೆರೆಗಳ ಮೇಲ್ವಿಚಾರಣೆ ಯಾವ ಇಲಾಖೆಗೂ ಮೀರಿದ ಕೆಲಸವೆಂಬುದು ಸ್ವಯಂವೇದ್ಯ. ಆದುದರಿಂದ ತೂಬು ಕೋಡಿಗಳ ಕಲ್ಲುಗಾರೆಯ ಕೆಲಸ ಸರ್ಕಾರದ್ದೆಂದೂ, ಏರಿಯ ಮಣ್ಣಿನ ಕೆಲಸ ರೈತರದೆಂದೂ ಹೊಣೆಯನ್ನು ವಿಭಾಗಿಸುವ ಪದ್ಧತಿ ಬೆಳೆಯಿತು.

ಮೇಲುನೋಟಕ್ಕೆ ಇದು ನ್ಯಾಯವಾದ ಹಂಚಿಕೆ. ಆದರೆ ಏರ್ಪಾಡಿನ ಒಳಗುಟ್ಟು ಬದಲಾಗಿದ್ದಿತು. ಹಿಂದೆ ಬಟಾಯಿಯ ಪದ್ಧತಿಯಲ್ಲಿ ಬೆಳೆಯ ಒಂದು ಪಾಲು ಸರ್ಕಾರಕ್ಕೆ ಸಲ್ಲುತ್ತಿದ್ದಾಗ ಕೆರೆ ತುಂಬಿದರೆ ಸರ್ಕಾರಕ್ಕೂ ಲಾಭ, ಒಡೆದರೆ ಸರ್ಕಾರಕ್ಕೂ ನಷ್ಟ. ಹಣದ ಕಂದಾಯ ರೂಢಿಗೆ ಬಂದು, ೧೮೬೩ರಲ್ಲಿ ಆರಂಭವಾದ ರೆವಿನ್ಯೂ ಸರ್ವೆಯ ಮೂಲಕ ಅದು ಗದ್ದೆಗದ್ದೆಗೂ ನಿಗದಿಯಾದ ಮೇಲೆ ಆ ನೇರ ಸಂಬಂಧ ತೆಳುವಾಯಿತು. ಕೆರೆಯು ಸರ್ಕಾರದ ಸ್ವತ್ತೆಂದು ದಾಖಲೆಯಲ್ಲಿ ಬರೆಯಲ್ಪಟ್ಟಿತು. ಅಂದಾಜುಪಟ್ಟಿ ಮಂಜೂರಾತಿಗಳು ಇಲಾಖೆಯ ಕೈಗೆ ಹೋದುವು. ರೈತನಿಗೆ ಉಳಿದುದು ಮಣ್ಣು ಹೊರುವ ಕರ್ತವ್ಯ ಮಾತ್ರ. ತೀರ್ಮಾನ ಬೇರೆಯವರದಾದಾಗ ಕರ್ತವ್ಯವೂ ಕ್ರಮೇಣ ಬೇರೆಯವರದೇ ಎಂಬ ಭಾವನೆ ಬೆಳೆಯುವುದು ಸಹಜ. ರೈತರು ಸೋಮಾರಿಗಳಾದರೆಂದು ದೂರುವ ಮುನ್ನ ಈ ಕಾರಣವನ್ನು ವಿಚಾರಿಸುವುದು ನ್ಯಾಯ.

೫

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರವೇ ಈ ಕೊರತೆಯನ್ನು ಮನಗಂಡಿತು. ೧೯೧೧ರ ಕೆರೆ ಪಂಚಾಯಿತಿ ರೆಗ್ಯುಲೇಷನ್ ಇದರ ಮೊದಲ ಕುರುಹು. ಕೆರೆಯ ಜೀರ್ಣೋದ್ಧಾರಕ್ಕೆ ಅಚ್ಚುಕಟ್ಟಿನ ರೈತರದೇ ಪಂಚಾಯಿತಿಯಿರಬೇಕೆಂಬ ತತ್ತ್ವಕ್ಕೆ ಇದು ಕಾನೂನಿನ ರೂಪ ಕೊಟ್ಟಿತು. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಗ್ರಾಮ ಸುಧಾರಣೆಯ ಯೋಜನೆ ಜಾರಿಗೆ ಬಂದಿತು. ಊರಿಗೊಂದು ಸಮಿತಿ, ವಾರಕ್ಕೆ ಅರ್ಧ ದಿನ ಊರಿನ ಸಾರ್ವಜನಿಕ ಕೆಲಸಕ್ಕೆ ಶ್ರಮ, ಇವು ಅದರ ಮುಖ್ಯ ಅಂಗಗಳು. ಬಾವಿ, ದಾರಿ, ಚರಂಡಿ, ಶಾಲೆಯ ಕಟ್ಟಡ ಮೊದಲಾದುವುಗಳ ಕಡೆಗೆ ಊರಿನ ಗಮನವನ್ನು ತಿರುಗಿಸುವುದು ಅದರ ಉದ್ದೇಶ.

ಈ ಯೋಜನೆಯನ್ನು ನಾವು ಲಘುವಾಗಿ ಕಾಣುವಂತಿಲ್ಲ. ಹಳ್ಳಿಯ ಏಳಿಗೆಯು ಹಳ್ಳಿಯವರ ಸ್ವಂತ ಪ್ರಯತ್ನದಿಂದಲೇ ಸಾಧ್ಯವೆಂದು ಸರ್ಕಾರವೊಂದು ಕಾರ್ಯಕ್ರಮದ ರೂಪದಲ್ಲಿ ಸಾರಿದ್ದು ಅಂದಿನ ಭಾರತದಲ್ಲಿ ಗಮನಾರ್ಹವಾದ ಸಂಗತಿ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ವಾರದ ಅರ್ಧ ದಿನ ಸ್ವಂತ ಹೊಲವುಳ್ಳವನಿಗೆ ಸೇವೆ. ದಿನಗೂಲಿಯಿಂದಲೇ ಅಂದಿನ ಹಿಟ್ಟನ್ನು ಕಾಣಬೇಕಾದವನಿಗೆ ಅದು ಅರ್ಧ ದಿನದ ಹಸಿವು. ಗಂಟೆಗಳನ್ನು ಎಲ್ಲರಿಗೂ ಸಮನಾಗಿ ಹಂಚಿದ ಮಾತ್ರಕ್ಕೆ ಹೊಣೆ ಸಮನಾಗಿ ಹಂಚಿಹೋಗುವುದಿಲ್ಲ. ಆಮೇಲೆ ೧೯೨೬ರ ಗ್ರಾಮ ಪಂಚಾಯಿತಿ ರೆಗ್ಯುಲೇಷನ್ ಸ್ಥಳೀಯ ಆಡಳಿತಕ್ಕೆ ಹೆಚ್ಚು ಗಟ್ಟಿಯಾದ ತಳಹದಿಯನ್ನು ಒದಗಿಸಿತು. ಚುನಾವಣೆ, ತೆರಿಗೆ, ಲೆಕ್ಕ ಎಂಬ ಮೂರು ಹೊಸ ವಿಚಾರಗಳು ಹಳ್ಳಿಯ ಜೀವನವನ್ನು ಪ್ರವೇಶಿಸಿದುವು.

೬

ಸ್ವಾತಂತ್ರ್ಯಾನಂತರದ ಸಮುದಾಯಾಭಿವೃದ್ಧಿ ಯೋಜನೆಯಲ್ಲಿ ಶ್ರಮದಾನಕ್ಕೆ ಬಹಳ ಪ್ರಾಧಾನ್ಯ ದೊರೆಯಿತು. ಐದು ವರ್ಷಗಳ ತರುವಾಯ, ೧೯೫೭ರಲ್ಲಿ, ಬಲವಂತರಾಯ್ ಮೆಹತಾ ಸಮಿತಿಯು ಈ ಯೋಜನೆ ಜನರಲ್ಲಿ ಸ್ವಯಂಪ್ರೇರಣೆಯನ್ನು ಮೂಡಿಸುವಲ್ಲಿ ಯಶಸ್ವಿಯಾಗಿಲ್ಲವೆಂದು ಕಂಡು, ಚುನಾಯಿತ ಸಂಸ್ಥೆಗಳಿಗೆ ಅಧಿಕಾರವನ್ನೂ ಹಣವನ್ನೂ ವಹಿಸಬೇಕೆಂದು ಸಲಹೆ ಮಾಡಿತು. ವಿಸ್ತಾರಗೊಂಡ ಮೈಸೂರು ರಾಜ್ಯದಲ್ಲಿ ೧೯೫೯ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಲಿಗಳ ಕಾಯಿದೆಯು ಗ್ರಾಮ ಪಂಚಾಯಿತಿ, ತಾಲ್ಲೂಕು ಅಭಿವೃದ್ಧಿ ಮಂಡಲಿ, ಜಿಲ್ಲಾ ಅಭಿವೃದ್ಧಿ ಪರಿಷತ್ತುಗಳನ್ನು ಏರ್ಪಡಿಸಿತು.

ಇದೇ ಕಾಲದ ಇನ್ನೊಂದು ಕಾಯಿದೆಗೆ ನಮ್ಮ ವಿಷಯದಲ್ಲಿ ವಿಶೇಷವಾದ ಮಹತ್ತ್ವವಿದೆ. ೧೯೬೧ರ ಗ್ರಾಮ ಅಧಿಕಾರಗಳ ರದ್ದಿಯಾತಿ ಕಾಯಿದೆಯು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ಪಟೇಲ ಶಾನುಭೋಗರ ವಂಶಪಾರಂಪರ್ಯದ ಅಧಿಕಾರವನ್ನೂ, ತೋಟಿ ತಳವಾರ ನೀರಗಂಟಿಗಳ ವಂಶಪಾರಂಪರ್ಯದ ಚಾಕರಿಯನ್ನೂ ಕೊನೆಗಾಣಿಸಿತು. ಹುಟ್ಟಿನ ಬಂಧನದಿಂದ ಮನುಷ್ಯನನ್ನು ಬಿಡಿಸಿದ ಈ ಕ್ರಮ ಸರ್ವಥಾ ನ್ಯಾಯವಾದುದು. ಆದರೆ ಪಟೇಲ ಶಾನುಭೋಗರ ಸ್ಥಾನಕ್ಕೆ ಗ್ರಾಮಲೆಕ್ಕಿಗನು ಬಂದನು. ನೀರಗಂಟಿಯ ಸ್ಥಾನಕ್ಕೆ ಬಹುಪಾಲು ಊರುಗಳಲ್ಲಿ ಯಾರೂ ಬರಲಿಲ್ಲ. ಆ ಕೆಲಸವನ್ನು ಸಂಬಳದ, ಗೌರವದ, ಯಾರು ಬೇಕಾದರೂ ಹಿಡಿಯಬಹುದಾದ ಉದ್ಯೋಗವನ್ನಾಗಿ ಮಾರ್ಪಡಿಸುವ ಅವಕಾಶವಿದ್ದಿತು. ಅದನ್ನು ಬಳಸಿಕೊಳ್ಳದ ಕಾರಣ ತೂಬಿನ ಬಳಿ ನಿಲ್ಲುವವರಿಲ್ಲದಂತಾಯಿತು. ಅನ್ಯಾಯದ ವ್ಯವಸ್ಥೆಯೊಂದನ್ನು ತೆಗೆದುಹಾಕುವಾಗ ಅದು ನೆರವೇರಿಸುತ್ತಿದ್ದ ಕಾರ್ಯವನ್ನು ಯಾರು ವಹಿಸಿಕೊಳ್ಳಬೇಕೆಂಬುದನ್ನೂ ಯೋಚಿಸಬೇಕೆಂಬ ಪಾಠ ಇಲ್ಲಿದೆ.

ಅಧಿಕಾರವನ್ನು ಕೆಳಗಿಳಿಸುವ ದೊಡ್ಡ ಪ್ರಯತ್ನ ಕರ್ನಾಟಕದಲ್ಲಿ ನಡೆದುದು ೧೯೮೩ರ ಕಾಯಿದೆಯ ಮೂಲಕ. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಹೇಬರು ಇದರ ಶಿಲ್ಪಿ. ೧೯೮೭ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆದು, ಸ್ಥಾನಗಳ ನಾಲ್ಕನೆಯ ಒಂದು ಭಾಗ ಮಹಿಳೆಯರಿಗೆ ಮೀಸಲಾಯಿತು. ಸಂವಿಧಾನದ ೭೩ನೆಯ ತಿದ್ದುಪಡಿಯು ೧೯೯೩ರಲ್ಲಿ ಜಾರಿಗೆ ಬರುವುದಕ್ಕೆ ಮೊದಲೇ ಇದು ಸಾಧಿತವಾಗಿದ್ದಿತು. ೧೯೯೩ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮಸಭೆಯನ್ನು ಕಡ್ಡಾಯ ಮಾಡಿತು. ಊರ ನ್ಯಾಯದಲ್ಲಿ ಕುಳಿತುಕೊಳ್ಳುವಂತಿಲ್ಲದವನ ಮೊಮ್ಮಗಳು ಪಂಚಾಯಿತಿಯ ಅಧ್ಯಕ್ಷಸ್ಥಾನದಲ್ಲಿ ಕುಳಿತುಕೊಳ್ಳಲು ಕಾನೂನು ದಾರಿ ತೆರೆಯಿತು. ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಅಡಿಯಲ್ಲಿ ಕೆರೆಯ ಹೂಳೆತ್ತುವ ಕೆಲಸಕ್ಕೂ ಕೂಲಿ ಸಂದಿತು. ಬಿಟ್ಟಿಯ ನೆನಪಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ೨೦೦೨ರಿಂದ ೨೦೧೨ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘವು ಕೆರೆ ಬಳಕೆದಾರರ ಸಂಘಗಳ ಮೂಲಕ ನಡೆಸಿದ ಕಾರ್ಯದಲ್ಲಿ ೧೯೧೧ರ ತತ್ತ್ವವೇ ಹೊಸ ವೇಷದಲ್ಲಿ ಕಾಣಿಸಿಕೊಂಡಿತು. ಗದ್ದೆಯಿಲ್ಲದವರಿಗೂ ಮಹಿಳೆಯರಿಗೂ ಸಂಘದಲ್ಲಿ ಸ್ಥಾನವಿರಬೇಕೆಂಬ ಆಶಯ ಮಾತ್ರ ಹೊಸದು, ಮತ್ತು ಹಳೆಯದಕ್ಕಿಂತ ಮೇಲಾದುದು.

೭

ಈಗ ನಾವು ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಹಿಂದಿರುಗಬಹುದು. ಇಲ್ಲಿ ಪಂಚಾಯಿತಿ ಬಲಗೊಳ್ಳುವ ಮೊದಲೇ ಹಳ್ಳಿ ಕರಗಿತು. ೧೮೯೬ರಲ್ಲಿ ಹೆಸರಘಟ್ಟದಿಂದಲೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, ೧೯೭೪ರಲ್ಲಿ ಕಾವೇರಿಯಿಂದಲೂ ಕೊಳವೆಯ ನೀರು ಬಂದಂತೆಲ್ಲ ನಗರದವರಿಗೆ ಕೆರೆಯ ಅಗತ್ಯ ಕಡಮೆಯಾಯಿತು. ಕೆಂಪೇಗೌಡನ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ೧೯೪೯ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರ್ಯರು ರಾಜಾಜಿನಗರಕ್ಕೆ ಅಸ್ತಿಭಾರ ಹಾಕಿದರು. ೧೯೪೫ರಲ್ಲಿ ಸ್ಥಾಪಿತವಾಗಿದ್ದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ ೧೯೭೬ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವೂ ಹಳ್ಳಿಗಳ ಹೊಲಗದ್ದೆಗಳನ್ನು ಸ್ವಾಧೀನಪಡಿಸಿಕೊಂಡು ನಿವೇಶನಗಳನ್ನು ರಚಿಸಿದುವು.

ಸ್ವಾಧೀನದ ಸಂದರ್ಭದಲ್ಲಿ ಖಾತೆದಾರನಿಗೆ ಸರ್ವೆ ನಂಬರಿನ ಪ್ರಕಾರ ಪರಿಹಾರವುಂಟು. ಕೆರೆಯ ಅಂಗಳ, ಗೋಮಾಳ, ಗುಂಡುತೋಪುಗಳು ದಾಖಲೆಯಲ್ಲಿ ಸರ್ಕಾರದವಾದುದರಿಂದ ಅವುಗಳ ನಷ್ಟವನ್ನು ಹೇಳಿಕೊಳ್ಳುವ ಹಕ್ಕುದಾರರೇ ಇರಲಿಲ್ಲ. ಅಚ್ಚುಕಟ್ಟು ಮನೆಗಳಾಗಿ ಮಾರ್ಪಟ್ಟ ದಿನವೇ ಕೆರೆಯ ನೀರಿಗೆ ಕಾಯುವವರು ಇಲ್ಲವಾದರು. ಗೋಡು ಹೊಡೆಯುವ ಬಂಡಿಗಳು ನಿಂತುವು. ಮೇಲಣ ಕೆರೆಯ ಕೋಡಿಯ ನೀರು ಹರಿಯುತ್ತಿದ್ದ ರಾಜಕಾಲುವೆಗಳಲ್ಲಿ ಚರಂಡಿಯ ನೀರು ಹರಿಯತೊಡಗಿತು. ವೃಷಭಾವತಿಯ ಇಂದಿನ ದುಃಸ್ಥಿತಿಯನ್ನು ಮೈಸೂರು ರಸ್ತೆಯಲ್ಲಿ ಸಂಚರಿಸುವವರೆಲ್ಲರೂ ಬಲ್ಲರು. ೧೯೮೫ರಲ್ಲಿ ಎನ್. ಲಕ್ಷ್ಮಣರಾಯರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ಬೆಂಗಳೂರಿನಲ್ಲಿ ಉಳಿದ ಕೆರೆಗಳನ್ನು ಉಳಿಸಬೇಕೆಂದು ಶಿಫಾರಸು ಮಾಡುವ ವೇಳೆಗೆ ಅನೇಕ ಕೆರೆಗಳು ಹೆಸರು ಮಾತ್ರವಾಗಿದ್ದುವು.

ಸ್ಥಳೀಯ ಆಡಳಿತದ ವಿಷಯದಲ್ಲಿಯೂ ಇದೇ ಬಗೆಯ ದೂರವೇರ್ಪಟ್ಟಿತು. ೨೦೦೭ರಲ್ಲಿ ಕೆಂಗೇರಿ ಪುರಸಭೆಯೂ ಏಳು ನಗರಸಭೆಗಳೂ ನಗರದ ಸುತ್ತಣ ನೂರಕ್ಕೂ ಹೆಚ್ಚು ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದುವು. ಆ ಹಳ್ಳಿಗಳವರಿಗೆ ಗ್ರಾಮಸಭೆ ಇಲ್ಲವಾಯಿತು. ೨೦೨೦ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ತೀರಿತು. ಮುಂದಿನ ಚುನಾವಣೆ ನಡೆಯದೆಯೇ ೨೦೨೫ರಲ್ಲಿ ಪಾಲಿಕೆ ರದ್ದಾಗಿ ಅದರ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚಿತವಾದುವು. ಹಳ್ಳಿಯಾಗಿದ್ದಾಗ ಮಾತನಾಡುವ ಒಂದು ಸಭೆಯಾದರೂ ಇದ್ದವರು ನಗರವಾಸಿಗಳಾದ ಮೇಲೆ ಐದು ವರ್ಷ ತಮ್ಮ ವಾರ್ಡಿನ ಪ್ರತಿನಿಧಿಯೂ ಇಲ್ಲದೆ ಇದ್ದರೆಂಬುದು ವಿಚಾರಮಾಡತಕ್ಕ ಸಂಗತಿ. ಹೀಗಿದ್ದೂ ಹಲವು ಕೆರೆಗಳ ಬಳಿ ನಿವಾಸಿಗಳು ಸಂಘ ಕಟ್ಟಿಕೊಂಡು ಕಾವಲು ಕಾಯುತ್ತಿದ್ದಾರೆ. ಅವರ ಶ್ರದ್ಧೆ ಪ್ರಶಂಸನೀಯ. ಆದರೆ ಏರಿಯ ಮೇಲೆ ಸಂಜೆಯ ಸಂಚಾರಕ್ಕೆ ಬರುವವರ ಜೊತೆಗೆ ಮೀನು ಹಿಡಿಯುವವರೂ ದನ ಕಟ್ಟಿದವರೂ ಹಳೆಯ ಊರಿನ ಕೇರಿಗಳವರೂ ಆ ಸಂಘಗಳಲ್ಲಿರುವರೇ ಎಂದು ಕೇಳಬೇಕಾಗುತ್ತದೆ. ಇಲ್ಲವಾದರೆ ಹಳೆಯ ತಪ್ಪೇ ಹೊಸ ಜನರಿಂದ ಪುನರಾವೃತ್ತಿಯಾದಂತೆ.

೮

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಹಳೆಯ ವ್ಯವಸ್ಥೆಯಲ್ಲಿ ದುಡಿಮೆಯೂ ಫಲವೂ ಹತ್ತಿರದಲ್ಲಿದ್ದುವು, ತೀರ್ಮಾನ ಕೆಲವರ ಸ್ವತ್ತಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ತೀರ್ಮಾನ ಕಚೇರಿಗೆ ಹೋಯಿತು, ದುಡಿಮೆ ಊರಿನಲ್ಲಿ ಉಳಿಯಿತು. ನಮ್ಮ ಕಾಲದ ಪಂಚಾಯಿತಿಯ ಕಾಯಿದೆಗಳು ತೀರ್ಮಾನವನ್ನು ಎಲ್ಲರಿಗೂ ತೆರೆದುವು. ಅಷ್ಟರಲ್ಲಿ ನಗರದ ಅಂಚಿನಲ್ಲಿ ಫಲವೇ ಮಾಯವಾಗಿದ್ದಿತು. ಈ ಮೂರೂ ಒಂದೇ ಸಮುದಾಯದಲ್ಲಿ, ಅದರ ಎಲ್ಲ ಮಕ್ಕಳಿಗೂ ಸಲ್ಲುವಂತೆ ಕೂಡಿ ಬಂದ ಕಾಲವನ್ನು ಈ ಸೀಮೆಯ ಇತಿಹಾಸದಲ್ಲಿ ನಾವು ಕಾಣುವುದಿಲ್ಲ. ಆದುದರಿಂದ ಹಿಂದಿನ ಸುವರ್ಣಯುಗಕ್ಕೆ ಮರಳಬೇಕೆಂಬ ಕರೆಗೆ ಆಧಾರವಿಲ್ಲ. ದುಡಿಯುವವನಿಗೆ ಮಾತೂ ಪಾಲೂ ಇಲ್ಲದ ಕಡೆ ಹೊಣೆ ನಿಲ್ಲುವುದಿಲ್ಲವೆಂಬ ಎಚ್ಚರಿಕೆಗೆ ಮಾತ್ರ ಸಾವಿರ ವರ್ಷಗಳ ಆಧಾರವಿದೆ.

ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಕೆಲಸವೊಂದನ್ನು ಸೂಚಿಸಿ ಮುಗಿಸುತ್ತೇವೆ. ಕೆಂಗೇರಿ ಹೋಬಳಿಯ ಗ್ರಾಮ ನಕಾಶೆಗಳಲ್ಲಿ ಕೆರೆ, ಕಾಲುವೆ, ಇನಾಮು ಭೂಮಿಗಳ ಗುರುತುಗಳನ್ನು ಇಂದಿಗೂ ಓದಬಹುದು. ಅವುಗಳನ್ನು ಹಿಡಿದು ನೆಲದ ಮೇಲೆ ನಡೆದು ನೋಡಬೇಕು. ನೀರಗಂಟಿಯ ಮನೆತನಗಳ ಹಿರಿಯರಲ್ಲಿ, ತಂದೆಯ ಕಾಲದಲ್ಲಿ ತೂಬು ಹೇಗೆ ತೆರೆಯುತ್ತಿದ್ದರು, ಬರಗಾಲದಲ್ಲಿ ಯಾರ ಗದ್ದೆಗೆ ಮೊದಲು ನೀರು ಹಾಯುತ್ತಿದ್ದಿತು, ಕಣದಲ್ಲಿ ಎಷ್ಟು ಅಳೆಯುತ್ತಿದ್ದರು ಎಂಬುದನ್ನು ನೆನೆದು ಹೇಳಬಲ್ಲವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ಶಾಸನಗಳು ಕೆರೆ ಕಟ್ಟಿಸಿದವರ ಹೆಸರನ್ನು ಉಳಿಸಿವೆ. ಕೆರೆಯನ್ನು ಕಾದವರ ಮಾತನ್ನು ಬರೆದಿಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.